ಮಳೆ ಕೆಡಿಸಿದ ವರ್ಷದ ವೈನು

ಮೂಸಿ ನೋಡುವುದನ್ನು ನಾನು ಕಲಿತದ್ದು ಐವತ್ತು ದಾಟಿದ ಮೇಲೆ. ಅದಕ್ಕೆ ಮುಂಚೆ ನನಗೆ ಮೂಗಿರಲಿಲ್ಲವೆಂದಲ್ಲ. ಇತ್ತು, ಅದರ ಮೇಲೊಂದು ಮೂಗುತಿಯೂ ಇತ್ತು. ಆದರೆ ಅದನ್ನು ಬೇಕೆಂದೇ ಒಂದು ವಸ್ತುವಿನ ಹತ್ತಿರ ಒಯ್ದು ಉಸಿರೆಳೆದುಕೊಳ್ಳಲು ಎರಡು ಕಡೆಯಿಂದ ನಿಷೇಧವಿತ್ತು. ಮನೆಯಲ್ಲಿ ಅಮ್ಮ, ಮೂಸಿದ ಹೂವು ದೇವರಿಗಾಗದು ಎನ್ನುತ್ತಿದ್ದಳು. ಊರಿಂದ ಬಂದ ಮಲ್ಲಿಗೆಯ ಚೆಂಡನ್ನು ಅವಳು ಬಾಳೆಲೆಯಿಂದ ಬಿಡಿಸುವಾಗ ನಾವು ಮಕ್ಕಳು ಉಸಿರು ಕಟ್ಟಿ ನಿಲ್ಲುತ್ತಿದ್ದೆವು. ಮುಂಬೈ ಹತ್ತಿರದ ಕಲ್ಯಾಣದ ಕಾನ್ವೆಂಟಿನಲ್ಲಿ ಊಟದ ಡಬ್ಬಿ ತೆರೆದೊಡನೆ ಮೂಗು ಬಗ್ಗಿಸಿದರೆ ಸಿಸ್ಟರ್ ಸ್ಕೇಲಿನಿಂದ ಮೇಜು ಕುಟ್ಟಿ, "ಸಭ್ಯ ಹುಡುಗಿಯರು ಊಟ ಮಾಡುತ್ತಾರೆ, ತನಿಖೆ ಮಾಡುವುದಿಲ್ಲ" ಎನ್ನುತ್ತಿದ್ದರು. ಹೀಗೆ ದೇವರಿಗೂ ಸಿಸ್ಟರಿಗೂ ಹೆದರಿ ನನ್ನ ಮೂಗು ಬರೀ ಉಸಿರಾಟದ ಕೆಲಸ ಮಾಡಿಕೊಂಡು ತೆಪ್ಪಗಿತ್ತು.

ಅಂಥವಳು ಈಗ ಆದಿತ್ಯವಾರ ಬಂತೆಂದರೆ, ತಿಂಡಿಯ ಪಾತ್ರೆ ತೊಳೆದಿಟ್ಟು, ಮಧ್ಯಾಹ್ನದ ಅಡುಗೆಗೆ ಪೂರ್ತಿ ಇಳಿಯುವ ಮುಂಚೆ, ಠಾಣೆಯ ಘೋಡಬಂದರ್ ರಸ್ತೆಯ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮುಂದೆ ಕೂತು, ಹೊಟ್ಟೆ ದೊಡ್ಡದಾದ ಒಂದು ಗಾಜಿನ ಗ್ಲಾಸಿನೊಳಗೆ ಮೂಗನ್ನು ಹುಬ್ಬಿನ ತನಕ ಇಳಿಸುತ್ತೇನೆ. ಗ್ಲಾಸಿನಲ್ಲಿರುವುದು ಫ್ರಾನ್ಸಿನ ಬೋರ್ಡೋ ಸೀಮೆಯ ಕೆಂಪು ವೈನು. ವಯಸ್ಸು ಇಪ್ಪತ್ತರ ಆಚೀಚೆ. ಇಷ್ಟು ಕೇಳಿಯೇ ಹೊಟ್ಟೆಕಿಚ್ಚು ಪಡಬೇಡಿ, ಅದು ಕೆಟ್ಟ ವರ್ಷದ್ದು.

ಕೆಟ್ಟ ವರ್ಷವೆಂದರೇನು ಎಂದು ನಾನೂ ಒಮ್ಮೆ ಕೇಳಿದ್ದೆ. ಬೋರ್ಡೋ ಸಮುದ್ರಕ್ಕೆ ಹತ್ತಿರದ ಸೀಮೆಯಂತೆ. ದ್ರಾಕ್ಷಿ ಕೊಯ್ಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಸರಿಯಾಗಿ ಆ ಹೊತ್ತಿಗೆ ಸಮುದ್ರದ ಕಡೆಯಿಂದ ಮೋಡ ಬಂದು ಒಂದು ವಾರ ಜಡಿಯಿತೆಂದರೆ ಹಣ್ಣು ನೀರು ಕುಡಿದು ಊದಿಕೊಳ್ಳುತ್ತದೆ, ರಸ ತೆಳ್ಳಗಾಗುತ್ತದೆ. ನಮ್ಮಲ್ಲಿ ಅಕಾಲದ ಮಳೆಗೆ ಮಾವಿನಹಣ್ಣು ಸಪ್ಪೆಯಾಗುವುದಿಲ್ಲವೇ, ಹಾಗೆ. ವ್ಯತ್ಯಾಸವಿಷ್ಟೆ: ನಾವು ಸಪ್ಪೆ ಮಾವನ್ನು ಆ ವರ್ಷವೇ ತಿಂದು, ಬೈದು, ಮರೆತುಬಿಡುತ್ತೇವೆ. ಅವರು ಸಪ್ಪೆ ವರ್ಷವನ್ನೂ ಬಾಟಲಿಗೆ ತುಂಬಿ, ಮೇಲೆ ಇಸವಿ ಅಚ್ಚು ಹಾಕಿ ಊರಿಗೆಲ್ಲ ತೋರಿಸುತ್ತಾರೆ. ಇದೊಂದು ವಿಚಿತ್ರ ಪ್ರಾಮಾಣಿಕತೆ ಎಂದು ನನಗನಿಸುತ್ತದೆ. ನನ್ನ ಉಪ್ಪಿನಕಾಯಿಯ ಭರಣಿಗಳ ಮೇಲೆ ಇಸವಿ ಬರೆಯುವ ಧೈರ್ಯ ನನಗಂತೂ ಇಲ್ಲ.

ಇಂಥ ಬಾಟಲಿಗಳು ನಮ್ಮಂಥವರ ಮನೆ ಹೊಕ್ಕದ್ದು ಹೇಗೆಂದು ಹೇಳಬೇಕು. ಕರಾವಳಿಯಿಂದ ಈ ಕಡೆಗೆ ಬಂದವರು ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವುದು ವಾಡಿಕೆ. ನನ್ನ ಯಜಮಾನರು ಇನ್ನೊಂದು ಥರದ ಹೋಟೆಲಿಗೆ ಹೋದರು. ಮುಂಬೈಯ ದೊಡ್ಡ ಹೋಟೆಲೊಂದರಲ್ಲಿ ವೈನ್ ಇಡುವ ಕೋಣೆ ಇವರ ಸುಪರ್ದಿಯಲ್ಲಿತ್ತು. ಸಂಬಂಧ ಬಂದಾಗ ಅಮ್ಮ, "ಹುಡುಗ ಬಾರಿನಲ್ಲಾ?" ಎಂದು ಕೇಳಿದ್ದಳು. "ಬಾರಿನಲ್ಲಿ ಅಲ್ಲಕ್ಕ, ಬಾರಿನ ಕೆಳಗೆ, ನೆಲಮಾಳಿಗೆಯಲ್ಲಿ" ಎಂದು ಸಂಬಂಧ ತಂದವರು ಸಮಾಧಾನ ಹೇಳಿದ್ದರು. ಅಮ್ಮನಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಆ ನೆಲಮಾಳಿಗೆಯಲ್ಲಿ ಕೆಟ್ಟ ವರ್ಷದ ಬಾಟಲಿಗಳು ಒಂದು ಮೂಲೆಯಲ್ಲಿ ಮಲಗಿರುತ್ತಿದ್ದವಂತೆ. ಗಿರಾಕಿಗಳು ಪಟ್ಟಿ ನೋಡಿ, ಇಸವಿ ನೋಡಿ, ಫೋನು ನೋಡಿ, ಬೇಡ ಎನ್ನುತ್ತಿದ್ದರು. ಹೋಟೆಲಿನ ಮಾಲೀಕತ್ವ ಬದಲಾದಾಗ ಹೊಸಬರು ಆ ಮೂಲೆಯನ್ನು ಖಾಲಿ ಮಾಡಿಸಿ, ಬೇಕಾದ ಸಿಬ್ಬಂದಿ ಕಡಿಮೆ ಬೆಲೆಗೆ ಕೊಂಡುಕೊಳ್ಳಬಹುದು ಎಂದರು. ಉಳಿದವರೆಲ್ಲ ವಿಸ್ಕಿಯ ಕಡೆಗೆ ಓಡಿದರೆ ಇವರು ಯಾರೂ ಕೇಳದ ಈ ಬಾಟಲಿಗಳನ್ನು ಟ್ಯಾಕ್ಸಿಯ ಸೀಟಿನ ಮೇಲೆ ಮಲಗಿಸಿಕೊಂಡು ಆಗ ನಾವಿದ್ದ ಡೊಂಬಿವಲಿಯ ಮನೆಗೆ ತಂದರು. ಜೊತೆಗೆ ಕಳವಾ ಎಂಬ ಊರಿನಲ್ಲಿ ಮುಚ್ಚಿಹೋದ ಐಸ್‌ಕ್ರೀಮ್ ಅಂಗಡಿಯೊಂದರ ಗಾಜಿನ ಬಾಗಿಲಿನ ಫ್ರಿಜ್ಜೂ ಬಂತು. ಅದು ನಮ್ಮ ಮಲಗುವ ಕೋಣೆಯಲ್ಲಿ ಸೀರೆಯ ಕಪಾಟಿನ ಪಕ್ಕ ನಿಂತಿತು. ಅದರ ಮೈಮೇಲಿದ್ದ ಮ್ಯಾಂಗೋ ಕೋನಿನ ಚಿತ್ರವನ್ನು ನಾನು ಬಿಸಿನೀರು, ಎಣ್ಣೆ, ಸೀಮೆಎಣ್ಣೆ ಎಲ್ಲ ಹಾಕಿ ಉಜ್ಜಿದೆ, ಹೋಗಲಿಲ್ಲ. ಬಂದ ನೆಂಟರ ಮಕ್ಕಳು ಇವತ್ತಿಗೂ ಅದರ ಮುಂದೆ ನಿಂತು ಆಸೆಯಿಂದ ನೋಡುತ್ತಾರೆ. ಒಳಗೆ ಫ್ರಾನ್ಸಿನ ಸೋತ ವರ್ಷಗಳು ನನ್ನ ಹಳೆಯ ನೂಲಿನ ಸೀರೆಗಳ ಸುರುಳಿಯ ಮೇಲೆ ತಲೆಯಿಟ್ಟು ಮಲಗಿರುತ್ತವೆ.

ಮೊದಲ ಬಾಟಲಿ ತೆಗೆದದ್ದು ನಮ್ಮ ಮದುವೆಗೆ ಇಪ್ಪತ್ತೈದಾದ ದಿನ. ಇವರು ಹಿಂದಿನ ದಿನವೇ ಅದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದ್ದರು, ಆದರೆ ಯಾರೂ ಮುಟ್ಟಬೇಡಿ ಎಂದು ಹೇಳುವುದನ್ನು ಮರೆತು, ಆ ದಿನ ಸಂಜೆ ಸ್ನಾನಕ್ಕೆ ಹೋದರು. ನಾನು ಬಾಟಲಿಯನ್ನು ಬೆಳಕಿಗೆ ಹಿಡಿದೆ. ತಳದಲ್ಲಿ ಕಪ್ಪು ಗಷ್ಟು ಕೂತಿತ್ತು. ಚಿಕ್ಕಂದಿನಿಂದ ನಮ್ಮ ಮನೆಗೆ ಬಂದ ಕಪ್ಪು ಬಾಟಲಿಗಳೆಲ್ಲ ಔಷಧದವು. ಎಲ್ಲದರ ಮೇಲೂ ಚೆನ್ನಾಗಿ ಕುಲುಕಿ ಎಂದೇ ಬರೆದಿರುತ್ತಿತ್ತು. ಕುಲುಕದೆ ಕುಡಿದರೆ ಸತ್ತ್ವವೆಲ್ಲ ತಳದಲ್ಲೇ ಉಳಿಯುತ್ತದೆ ಎಂದು ಅಜ್ಜಿ ಬೈಯುತ್ತಿದ್ದಳು. ಸರಿ, ಇಷ್ಟು ದುಬಾರಿ ಸತ್ತ್ವ ಹಾಳಾಗಬಾರದೆಂದು ಎರಡೂ ಕೈಯಲ್ಲಿ ಹಿಡಿದು ಶ್ರದ್ಧೆಯಿಂದ ಕುಲುಕಿದೆ. ಇವರು ತಲೆ ಒರೆಸಿಕೊಳ್ಳುತ್ತ ಹೊರಬಂದರು.

"ಅಯ್ಯೋ, ಎಂತ ಮಾಡಿದ್ದು ಮಾರಾಯ್ತಿ! ಅದೆಂತ ಅಶೋಕಾರಿಷ್ಟವಾ?"

ಆ ಸಂಜೆ ನಾವು ಕುಡಿದದ್ದು ಕಾಫಿಯ ಚರಟ ಕಲಸಿದಂತಿದ್ದ ಒಂದು ದ್ರವ. ನಾಲಿಗೆಯ ಮೇಲೆ ಸಣ್ಣ ಮರಳು. ಇವರು ಬೈಯಲಿಲ್ಲ. "ಮದುವೆಮನೆಯಲ್ಲಿ ಸಾರಿನ ತಿಳಿ ತೆಗೆಯುವಾಗ ಸೌಟು ತಳಕ್ಕೆ ಹಾಕ್ತಾರಾ?" ಎಂದು ಕೇಳಿದರು. "ಇಲ್ಲ" ಎಂದೆ. "ಇದೂ ತಿಳಿಸಾರೇ" ಎಂದರು. ನೋಡಿ, ಫ್ರೆಂಚರ ದೊಡ್ಡ ವಿದ್ಯೆಯೊಂದು ಒಂದೇ ಮಾತಿನಲ್ಲಿ ನನ್ನ ಅಡುಗೆಮನೆಗೆ ಬಂದುಬಿಟ್ಟಿತು. ಅಂದಿನಿಂದ ಬಾಟಲಿಯಿಂದ ಜಗ್ಗಿಗೆ ಬಗ್ಗಿಸುವುದು ನನ್ನ ಕೆಲಸ. ಬಾಟಲಿಯ ಕತ್ತಿನ ಕೆಳಗೆ ಟಾರ್ಚು ಹಿಡಿದು, ಕೈ ನಡುಗಿಸದೆ, ಗಷ್ಟು ಭುಜದ ಹತ್ತಿರ ಬಂತೆನ್ನುವಾಗ ನಿಲ್ಲಿಸುತ್ತೇನೆ. ಹೋಟೆಲಿನಲ್ಲಿ ಇದಕ್ಕೆ ಕೋಟು ಹಾಕಿಕೊಂಡವರು ಬೇಕಂತೆ. ನಾನು ಸೆರಗು ಸಿಕ್ಕಿಸಿಕೊಂಡು ಮಾಡುತ್ತೇನೆ.

ಸಪ್ಪೆ ವರ್ಷದ ವೈನಿನಲ್ಲಿ ಅಂಥದ್ದೇನಿದೆ ಎಂದು ನೀವು ಕೇಳಬಹುದು. ಕಣ್ಣಿಗೇ ಮೊದಲು ಗೊತ್ತಾಗುತ್ತದೆ. ನಡುವೆ ಪುನರ್ಪುಳಿ ಶರಬತ್ತಿನ ತೆಳುಗೆಂಪು ಬಣ್ಣ, ಅಂಚಿನಲ್ಲಿ ಹಳೆಯ ಹಂಚಿನ ಬಣ್ಣ. ಬಾಯಿಗೆ ಹಗುರ. ತಾನು ಬಂದೆನೆಂದು ಡಂಗುರ ಸಾರುವುದಿಲ್ಲ. ದೊಡ್ಡ ವರ್ಷದ ವೈನುಗಳನ್ನು ಜನ ಮೂವತ್ತು ವರ್ಷ ಕಾಯಿಸುತ್ತಾರಂತೆ. ಈ ಬಡಪಾಯಿಗಳಿಗೆ ಅಷ್ಟು ಆಯುಸ್ಸಿದೆಯೆಂದು ಯಾರೂ ನಂಬುವುದಿಲ್ಲ. ಬೇಗ ಕುಡಿದು ಮುಗಿಸಿ ಎನ್ನುತ್ತಾರೆ. ಮುಗಿಸದೆ ಮರೆತುಬಿಟ್ಟ ಕೆಲವು ಬಾಟಲಿಗಳು ಕತ್ತಲೆಯಲ್ಲಿ ತಮ್ಮಷ್ಟಕ್ಕೆ ಏನೋ ಮಾಡಿಕೊಂಡಿರುತ್ತವೆ. ತೆರೆದ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ ನಿಜ. ಅರ್ಧ ಗಂಟೆ ಚೆನ್ನಾಗಿ ಮಾತಾಡಿ, ಆಮೇಲೆ ದಣಿದು ಸುಮ್ಮನಾಗುತ್ತವೆ. ನನಗೆ ಅಂಥ ನೆಂಟರೇ ಇಷ್ಟ.

ನನ್ನ ಮೈದುನ ಸುಧಾಕರನಿಗೆ ಇದು ಒಪ್ಪಿಗೆಯಿಲ್ಲ. ಅವನು ನವಿ ಮುಂಬೈಯವನು, ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ವ್ಯಾಪಾರ. ಕಬ್ಬಿಣದಲ್ಲಿ ಹೇಗೋ ಹಾಗೆಯೇ ವೈನಿನಲ್ಲೂ ಅವನಿಗೆ ಗಟ್ಟಿಮುಟ್ಟಾದದ್ದೇ ಬೇಕು. ಒಮ್ಮೆ ನಮ್ಮದನ್ನು ಒಂದು ಗುಟುಕು ಕುಡಿದು ಫೋನು ತೆಗೆದ.

"ಅತ್ತಿಗೇ, ಇದು ವೈನಾ, ಪುನರ್ಪುಳಿ ಸಾರಾ? ಈ ಇಯರ್ ಎಕ್ದಮ್ ಫ್ಲಾಪ್ ಅಂತ ಉಂಟು ಇಲ್ಲಿ, ನೋಡಿ."

"ಫ್ಲಾಪ್ ಆದ ಮೇಲೆ ಇಪ್ಪತ್ತು ವರ್ಷ ಅದು ಏನು ಮಾಡ್ತಿತ್ತು ಅಂತ ಉಂಟಾ ಫೋನಲ್ಲಿ?" ಎಂದೆ.

ಅವನು ನಕ್ಕ. ಮುಂದಿನ ಸಲ ದೊಡ್ಡ ವರ್ಷದ ಎಳೆಯ ಬಾಟಲಿಯೊಂದನ್ನು ತಂದ. "ಅಣ್ಣ, ನೂರಕ್ಕೆ ನೂರು ಮಾರ್ಕಿನ ಮಾಲು!" ಕುಡಿದರೆ ಎಳೆ ಗೇರುಹಣ್ಣು ಕಚ್ಚಿದ ಹಾಗೆ ಬಾಯೆಲ್ಲ ಒಗರು. ಇವರು ಗ್ಲಾಸನ್ನು ಬೆಳಕಿಗೆ ಹಿಡಿದು, ಮೂಸಿ, ಮೆಲ್ಲಗೆ, "ಮಾಲು ಒಳ್ಳೆಯದೇ ಸುಧಾಕರ. ಆದರೆ ಇನ್ನೂ ಎದ್ದಿಲ್ಲ. ಮಲಗಿದವನನ್ನು ಎಬ್ಬಿಸಿ ಮಾತಾಡಿಸಿದ ಹಾಗೆ ಆಯ್ತು" ಎಂದರು. ಇವರು ಗ್ಲಾಸು ಬೆಳಕಿಗೆ ಹಿಡಿಯುವ ರೀತಿಯೇ ಬೇರೆ. ಒಂದು ಕಣ್ಣು ಕಿರಿದಾಗುತ್ತದೆ, ಕಿರುಬೆರಳು ತಾನಾಗಿ ಎದ್ದು ನಿಲ್ಲುತ್ತದೆ. ಅದನ್ನು ನೋಡಲೆಂದೇ ನಾನು ಎದುರು ಕೂರುತ್ತಿದ್ದೆ ಎಂದರೂ ಸುಳ್ಳಲ್ಲ.

ಆಮೇಲೆ ಕೊರೊನಾ ಬಂತು. ಇಬ್ಬರೂ ಮಲಗಿದೆವು, ಇಬ್ಬರೂ ಎದ್ದೆವು. ವಾಸನೆ ತಿಳಿಯುವ ಶಕ್ತಿ ಇಬ್ಬರಿಗೂ ಹೋಗಿತ್ತು, ನನ್ನದು ಕೆಲವೇ ದಿನಗಳಲ್ಲಿ ಮರಳಿತು. ಇವರದು ಮರಳಲಿಲ್ಲ. ನೌಕರಿಯಿಂದ ನಿವೃತ್ತಿಯಾಯಿತು, ಡೊಂಬಿವಲಿಯಿಂದ ಇಲ್ಲಿಗೆ ಬಂದೆವು, ಐಸ್‌ಕ್ರೀಮ್ ಫ್ರಿಜ್ಜೂ ಬಂತು, ಇವರ ಮೂಗು ಮಾತ್ರ ಬರಲಿಲ್ಲ. ಕಣ್ಣು ಹೋದರೆ ಲೋಕಕ್ಕೆ ಕಾಣುತ್ತದೆ, ಕಿವಿ ಹೋದರೆ ಕೇಳುತ್ತದೆ. ಮೂಗು ಹೋದರೆ ಯಾರಿಗೂ ತಿಳಿಯುವುದಿಲ್ಲ. ನನಗೆ ತಿಳಿದದ್ದು ಸಣ್ಣ ಸಣ್ಣ ಸಂಗತಿಗಳಿಂದ. ಹಾಲು ಒಡೆದಿದೆಯೇ ಎಂದು ನನ್ನನ್ನು ಕೇಳತೊಡಗಿದರು. ಒಗೆದ ಅಂಗಿಯನ್ನೇ ಮತ್ತೆ ಒಗೆಯಲು ಹಾಕಿದರು. ಒಂದು ದಿನ ನಾನು ಮಲ್ಲಿಗೆ ಮುಡಿದು ಪಕ್ಕದಲ್ಲಿ ಬಂದು ಕೂತಾಗ, ನೋಡಿದ ಮೇಲಷ್ಟೇ, "ಓ, ಮಲ್ಲಿಗೆಯಾ" ಎಂದರು.

ಠಾಣೆಯ ಮೂಗಿನ ಡಾಕ್ಟರು ಔಷಧ ಕೊಡಲಿಲ್ಲ, ಅಭ್ಯಾಸ ಹೇಳಿಕೊಟ್ಟರು. ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ, ಇವನ್ನು ಸಣ್ಣ ಶೀಶೆಗಳಲ್ಲಿ ಇಟ್ಟುಕೊಂಡು ದಿನಾ ಮೂಸಬೇಕು. ವಾಸನೆ ಸಿಗದಿದ್ದರೂ ಮೂಸಬೇಕು. ಮೂಸುವಾಗ ಆ ವಾಸನೆ ಹೇಗಿತ್ತೆಂದು ನೆನೆಯಬೇಕು. ಇವರು ಸ್ನಾನ ಮಾಡಿ ಕಿಟಕಿಯ ಮುಂದೆ ಕೂತು, ಕಣ್ಣು ಮುಚ್ಚಿ, ಒಂದೊಂದೇ ಶೀಶೆ ಎತ್ತುತ್ತಿದ್ದರು. ಸಂಧ್ಯಾವಂದನೆಯನ್ನು ಇಷ್ಟು ನಿಷ್ಠೆಯಿಂದ ಮಾಡುವವರನ್ನೂ ನಾನು ಕಂಡಿಲ್ಲ.

ವೈನಿನ ವಿಷಯದಲ್ಲಿ ನಾನು ಇವರ ಮೂಗಾದೆ. ಆದಿತ್ಯವಾರದ ಪದ್ಧತಿ ಶುರುವಾದದ್ದು ಹಾಗೆ. ನಾನು ಬಗ್ಗಿಸುವುದು, ನಾನು ಮೂಸುವುದು, ಇವರು ಎದುರು ಕೂತು ಕೇಳುವುದು.

"ಎಂತ ಉಂಟು, ಹೇಳು."

"ಪೆನ್ಸಿಲ್ ಚೂಪು ಮಾಡಿದ ಸಿಪ್ಪೆ. ಕಾನ್ವೆಂಟಿನ ಡೆಸ್ಕಿನ ಒಳಗಿನದ್ದು."

"ಸೀಡರ್ ಮರ. ಸರಿ. ಮತ್ತೆ?"

"ಮಳೆಗಾಲದಲ್ಲಿ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿ. ಎಲ್ಲರ ಹ್ಯಾಂಡ್‌ಬ್ಯಾಗು ಒದ್ದೆ."

"ಚರ್ಮ. ಭಾರೀ ಒಳ್ಳೆಯದು. ಮತ್ತೆ?"

"ಯೇವೂರು ಗುಡ್ಡದಲ್ಲಿ ಮಳೆ ನಿಂತ ಮೇಲೆ ತರಗೆಲೆ ಮೆಟ್ಟಿದ ಹಾಗೆ."

ಇವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ನನ್ನ ಅಡುಗೆಮನೆಯ ಮಾತನ್ನು ಇವರು ತಮ್ಮ ನೆಲಮಾಳಿಗೆಯ ಮಾತಿಗೆ ತಿರುಗಿಸಿಕೊಂಡು, ಒಳಗೇ ಕುಡಿಯುತ್ತಿದ್ದರು. ನನಗೋ ಇದೊಂದು ಹೊಸ ಕುತೂಹಲವಾಯಿತು. ಲಿಫ್ಟು, ನ್ಯೂಸ್‌ಪೇಪರು, ಜೀರಿಗೆ ಡಬ್ಬಿ, ಪಕ್ಕದ ಮನೆಯವರ ಚಪ್ಪಲಿಯ ಕಪಾಟು, ಎಲ್ಲವನ್ನೂ ಮೂಸುತ್ತ, ಯಾವುದು ಯಾವ ಬಾಟಲಿಯಲ್ಲಿ ಸಿಕ್ಕೀತು ಎಂದು ಯೋಚಿಸುತ್ತ ತಿರುಗಾಡಿದೆ. ಎದುರಿನ ಮನೆಯ ಮರಾಠಿ ಹೆಂಗಸೊಬ್ಬರು ನಾನು ಅವರ ಚಪ್ಪಲಿಯ ಮುಂದೆ ಬಗ್ಗಿದ್ದನ್ನು ನೋಡಿ, ಏನಾದರೂ ಬಿತ್ತೇ ಎಂದು ವಿಚಾರಿಸಿದರು.

ಆದರೆ ಕಳೆದ ಬೇಸಿಗೆಯ ಹೊತ್ತಿಗೆ ಇವರ ತಲೆದೂಗುವಿಕೆ ನಿಧಾನವಾಯಿತು. ಒಂದು ಆದಿತ್ಯವಾರ "ಮತ್ತೆ?" ಎಂದು ಕೇಳಲೇ ಇಲ್ಲ. ಲವಂಗದ ಶೀಶೆಯ ಮುಚ್ಚಳದ ಮೇಲೆ ಧೂಳು ಕೂತದ್ದನ್ನು ನಾನು ಒರೆಸುವಾಗ ಕಂಡೆ. ಆ ವಾರವೇ ಸುಧಾಕರನ ಫೋನು ಬಂದಾಗ, ಇವರು ಗ್ಲಾಸು ಒರೆಸುತ್ತ, ಬೆಳಕಿಗೆ ಹಿಡಿಯದೆ ಹಾಗೆಯೇ ಕಪಾಟಿನಲ್ಲಿಟ್ಟು ಹೇಳಿದರು:

"ಉಳಿದ ಬಾಟಲಿ, ಆ ಫ್ರಿಜ್ಜು, ಎಲ್ಲ ನೀನೇ ತೆಗೆದುಕೊಂಡು ಹೋಗು ಮಾರಾಯ. ಇಲ್ಲಿ ಇದ್ದು ಎಂತ ಮಾಡುವುದು?"

"ಅಣ್ಣ, ಸೀರಿಯಸ್ಸಾ?" ಸುಧಾಕರನ ದನಿ ಸ್ಪೀಕರಿನಲ್ಲಿ ಕೇಳಿತು. "ಅತ್ತಿಗೆಯನ್ನು ಕೇಳಿದ್ರಾ?"

"ಅವಳಿಗೆ ಎಂತ, ಅವಳು ನನಗೋಸ್ಕರ ಮಾಡುವುದು."

"ಸರಿ ಹಾಗಾದ್ರೆ. ಆದಿತ್ಯವಾರ ಊಟಕ್ಕೇ ಬರ್ತೇನೆ. ಟೆಂಪೋ ಜೊತೆಗೆ."

ನನಗೆ ಬಾಟಲಿಗಳು ಹೋಗುವ ಚಿಂತೆ ಇರಲಿಲ್ಲ. ಮಲಗುವ ಕೋಣೆಯಲ್ಲಿ ಇನ್ನೊಂದು ಕಪಾಟಿಗೆ ಜಾಗವಾಗುತ್ತಿತ್ತು. ಆದರೆ ಫ್ರಿಜ್ಜು ಹೋದ ಮರುದಿನ ಆ ನಾಲ್ಕು ಶೀಶೆಗಳೂ ಹೋಗುತ್ತವೆ, ಆಮೇಲೆ ಇವರು ಮೂಗಿಲ್ಲದ ಮನುಷ್ಯನಾಗಿ ಉಳಿದ ಆಯುಸ್ಸಿಗೆ ಒಗ್ಗಿಕೊಂಡುಬಿಡುತ್ತಾರೆ ಎಂದು ನನಗೆ ಗೊತ್ತಿತ್ತು. ಇವರದು ಒಗ್ಗಿಕೊಳ್ಳುವ ಸ್ವಭಾವ. ಅದೇ ನನಗೆ ಹೆದರಿಕೆ.

"ಅವನು ಬರುವ ಮುಂಚೆ ಒಂದು ತೆಗೆಯುವಾ. ನನಗೆ ಆಸೆ" ಎಂದೆ.

"ನಿನಗಾದ್ರೆ ತೆಗಿ" ಎಂದರು.

ಆ ಆದಿತ್ಯವಾರ ನೆಂಟನಿಗೆಂದು ಕೋಳಿ ರೊಟ್ಟಿ. ರೊಟ್ಟಿಯ ಮೇಲೆ ಸುರಿಯುವ ಕೋಳಿಯ ಗಸಿಗೆ ಕೊತ್ತಂಬರಿ, ಮೆಂತ್ಯ, ಮೆಣಸು ಎಲ್ಲ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿಟ್ಟು, ಅಷ್ಟರಲ್ಲಿ ಒಮ್ಮೆ ಮೂಸಿ ಬರೋಣವೆಂದು ಮೇಜಿಗೆ ಬಂದೆ. ನಮ್ಮಲ್ಲಿದ್ದವುಗಳಲ್ಲೇ ತೀರ ಹೆಸರು ಕೆಡಿಸಿಕೊಂಡ ವರ್ಷದ ಬಾಟಲಿಯದು. ಮೊದಲು ಏನೂ ಸಿಗಲಿಲ್ಲ. ಗ್ಲಾಸು ತಿರುಗಿಸಿದೆ. ಆಳದಲ್ಲಿ ಏನೋ ಒಂದು, ಗೊತ್ತಿರುವುದೇ, ತುದಿನಾಲಿಗೆಯಲ್ಲಿದೆ, ಹೆಸರು ಬರುವುದಿಲ್ಲ. ಪುಸ್ತಕದ ನಡುವೆ ಒಣಗಿದ ಎಲೆಯೇ? ಚಾ ಡಬ್ಬಿಯ ತಳವೇ? ಕಣ್ಣು ಗಟ್ಟಿಯಾಗಿ ಮುಚ್ಚಿ ಇನ್ನೂ ಒಳಗೆ ಇಳಿದೆ. ಇವರು ಕಿಟಕಿಯ ಹೊರಗೆ ಮೆಟ್ರೋದ ಕಂಬಗಳನ್ನು ನೋಡುತ್ತ ಕೂತಿದ್ದರು.

"ಮೆಂತ್ಯ" ಎಂದರು.

ನನಗೆ ಸಿಟ್ಟು ಬಂತು. ನಾನಿಲ್ಲಿ ಇಷ್ಟು ಕಷ್ಟಪಟ್ಟು ಹುಡುಕುತ್ತಿದ್ದರೆ ಇವರು ಊಹೆಯ ಆಟ ಆಡುತ್ತಾರೆ.

"ವೈನಿನಲ್ಲಿ ಎಲ್ಲಿಯ ಮೆಂತ್ಯ? ಸುಮ್ಮನಿರಿ, ಈಗ ಸಿಗ್ತದೆ."

"ವೈನಿನಲ್ಲಿ ಅಲ್ಲ ಮಾರಾಯ್ತಿ. ಒಳಗೆ! ಮೆಂತ್ಯ ಸೀಯ್ತಾ ಉಂಟು."

ಓಡಿದೆ. ಗ್ಯಾಸು ಆರಿಸಿದೆ. ಬಾಣಲೆ ಹೊಗೆಯಾಡುತ್ತಿತ್ತು, ಮಸಾಲೆ ಕರ್ರಗಾಗಿತ್ತು. ಕಿಟಕಿ ತೆರೆದು, ಇಕ್ಕಳ ಹಿಡಿದು, ನನ್ನನ್ನೇ ಬೈದುಕೊಳ್ಳುತ್ತ ನಿಂತಾಗ ನಿಧಾನವಾಗಿ ಹೊಳೆಯಿತು, ಇದನ್ನು ನನಗೆ ಹೇಳಿದ್ದು ಯಾರು ಎಂದು.

ತಿರುಗಿದರೆ ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಮೂಗಿನ ಹೊಳ್ಳೆಗಳು ಕರುವಿನ ಹಾಗೆ ಅರಳಿ ಅರಳಿ ಮುಚ್ಚುತ್ತಿದ್ದವು. ಸಿಕ್ಕಿದ ವಾಸನೆ ಓಡಿಹೋದೀತು ಎಂಬಂತೆ ಮೆಲ್ಲಗೆ ಹತ್ತಿರ ಬಂದು ಬಾಣಲೆಯ ಮೇಲೆ ಬಗ್ಗಿದರು.

"ಕೊತ್ತಂಬರಿ ಸಿಗುವುದಿಲ್ಲ" ಎಂದರು. "ಮೆಣಸಿಗೆ ಕಣ್ಣು ಉರಿಯುತ್ತದೆ, ಅಷ್ಟೇ. ಮೆಂತ್ಯ ಮಾತ್ರ. ಸೀದ ಮೆಂತ್ಯ."

ನಾನು ಓಡಿಹೋಗಿ ಗ್ಲಾಸು ತಂದುಕೊಟ್ಟೆ. ಇವರು ಅದರೊಳಗೆ ಮೂಗಿಟ್ಟು ತುಂಬ ಹೊತ್ತು ನಿಂತರು. ತಲೆಯೆತ್ತಿ, "ಇದು ಇನ್ನೂ ಇಲ್ಲ" ಎಂದರು.

ಇಷ್ಟು ದಿನ ಬರೀ "ಇಲ್ಲ" ಎನ್ನುತ್ತಿದ್ದರು. ಆ ಹೊಸ ಪದವನ್ನು ಇವರು ಗಮನಿಸಿದರೋ ಇಲ್ಲವೋ, ನಾನು ಗಮನಿಸಿದೆ.

ಬಾಣಲೆಯದನ್ನು ಕಸಕ್ಕೆ ಸುರಿಯಲು ಹೋದರೆ ಕೈ ಹಿಡಿದರು. "ಬಿಸಾಡಬೇಡ. ಅದನ್ನೇ ಅರೆ."

"ಕಹಿ ಆಗ್ತದೆ ನೋಡಿ."

"ಆಗಲಿ."

ಸುಧಾಕರ ಬಂದಾಗ ಮನೆಯಲ್ಲಿ ಹೊಗೆ ಇನ್ನೂ ತೇಲುತ್ತಿತ್ತು. "ಎಂತ ಅತ್ತಿಗೆ, ಕಳಂಬೋಲಿಯ ಭಟ್ಟಿ ಇಲ್ಲಿಗೇ ತಂದ್ರಾ?" ಎನ್ನುತ್ತ ಚಪ್ಪಲಿ ಬಿಟ್ಟ. ಇವರು, "ಮೊದಲು ಟೆಂಪೋದವನಿಗೆ ಊಟಕ್ಕೆ ಬರಲು ಹೇಳು. ಆಮೇಲೆ ಖಾಲಿ ಗಾಡಿಯಲ್ಲೇ ಹೋಗಲಿ" ಎಂದರು. ಸುಧಾಕರ ಅಣ್ಣನ ಮುಖ ನೋಡಿದ, ನನ್ನ ಮುಖ ನೋಡಿದ. ವ್ಯಾಪಾರಸ್ಥನಲ್ಲವೇ, ಕಾರಣ ಕೇಳದೆ ಕೆಳಗೆ ಫೋನು ಮಾಡಿದ. ಆಮೇಲೆ ಮೊದಲ ತುತ್ತು ಬಾಯಿಗಿಟ್ಟು, ಮರ್ಯಾದೆಗೆ ನುಂಗಿ, ನೀರಿನ ಲೋಟಕ್ಕೆ ಕೈಚಾಚಿದ.

"ಅತ್ತಿಗೇ, ಇದು..."

"ಕಹಿ" ಎಂದು ಇವರೇ ಹೇಳಿದರು, ಹಬ್ಬದ ಊಟವನ್ನು ಹೊಗಳುವವರ ಹಾಗೆ. ಹೇಳಿ, ರೊಟ್ಟಿಯ ಮೇಲೆ ಇನ್ನೆರಡು ಸೌಟು ಹಾಕಿಸಿಕೊಂಡರು.

ಜಗ್ಗಿನಲ್ಲಿದ್ದ ವೈನು ಅಷ್ಟು ಹೊತ್ತಿಗೆ ದಣಿದು ಸುಮ್ಮನಾಗಿತ್ತು. ನನಗೆ ಹೆಸರು ಸಿಗದ ಆ ವಾಸನೆ ಯಾವುದೆಂದು ಇವತ್ತಿಗೂ ತಿಳಿಯಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಸಂಸಾರ ಮಾಡಿದ ಹೆಂಗಸಾಗಿ ಒಂದು ಮಾತು ಒಪ್ಪಿಕೊಳ್ಳಬೇಕು: ನನ್ನ ಅಡುಗೆಯಲ್ಲಿ ಅಷ್ಟು ಕೆಟ್ಟ ಆದಿತ್ಯವಾರ ಇನ್ನೊಂದಿಲ್ಲ. ಅದನ್ನೂ ಇಪ್ಪತ್ತು ವರ್ಷ ಇಟ್ಟು ನೋಡಬೇಕು.